ರಜೆಯಲ್ಲಿ ಮನೆಗೆ ಹೋಗುವ ಪುಸ್ತಕ: ಮಕ್ಕಳ ಬೇಸಿಗೆ ಓದು ಮತ್ತು ಸಾರ್ವಜನಿಕ ಗ್ರಂಥಾಲಯದ ಹೊಣೆ



ಏಪ್ರಿಲ್ 10ರ ಹೊತ್ತಿಗೆ ಕರ್ನಾಟಕದ ಪ್ರಾಥಮಿಕ ಶಾಲೆಗಳಲ್ಲಿ ಫಲಿತಾಂಶ ಹೇಳಿ ಮುಗಿದಿರುತ್ತದೆ. ಅಲ್ಲಿಂದ ಮೇ ತಿಂಗಳ ಕೊನೆಯವರೆಗೆ, ಹೆಚ್ಚುಕಡಿಮೆ ಏಳು ವಾರ, ಶಾಲೆಯ ಬಾಗಿಲಿಗೆ ಬೀಗ. ಓದಿ ಮುಗಿಸಿದ ತರಗತಿಯ ಪಠ್ಯಪುಸ್ತಕ ತಮ್ಮನಿಗೋ ಪಕ್ಕದ ಮನೆಯ ಹುಡುಗಿಗೋ ಹೋಗುತ್ತದೆ. ಮುಂದಿನ ತರಗತಿಯದು ಶಾಲೆ ತೆರೆಯುವವರೆಗೆ ಬರುವುದಿಲ್ಲ. ಪುಸ್ತಕ ಕೊಳ್ಳುವ ಮನೆಗಳಲ್ಲಿ ಇದು ಯಾರ ಗಮನಕ್ಕೂ ಬರದ ಸಂಗತಿ. ಕೊಳ್ಳಲಾಗದ ಮನೆಗಳಲ್ಲಿ ಆ ಏಳು ವಾರ ಅಚ್ಚಾದ ಅಕ್ಷರವೆಂದರೆ ಗೋಡೆಯ ಕ್ಯಾಲೆಂಡರು, ಸೋಪಿನ ಹೊದಿಕೆ, ಮದುವೆಯ ಕರೆಯೋಲೆ. ಜೊತೆಗೆ ಅಪ್ಪನ ಮೊಬೈಲು, ಅದೂ ಅಪ್ಪ ಮನೆಯಲ್ಲಿದ್ದಾಗ.

ಈ ಅವಧಿಯಲ್ಲಿ ಮಕ್ಕಳ ಕೈಗೆ ಪುಸ್ತಕ ತಲುಪಿಸುವ ಶಕ್ತಿಯಿರುವ ಸಂಸ್ಥೆ ಊರಿನಲ್ಲಿ ಒಂದೇ: ಸಾರ್ವಜನಿಕ ಗ್ರಂಥಾಲಯ. ಬೇಸಿಗೆಯಲ್ಲಿ ಅದು ಮಕ್ಕಳಿಗಾಗಿ ಏನಾದರೂ ಮಾಡಬೇಕು ಎಂಬುದನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ. ತಕರಾರು ಹುಟ್ಟುವುದು ಏನು ಮಾಡಬೇಕು ಎಂಬಲ್ಲಿ. ಬೇಸಿಗೆ ಓದಿನ ಕಾರ್ಯಕ್ರಮದ ತಿರುಳು ಎರವಲು ಎಂಬುದು ಈ ಉಪನ್ಯಾಸದ ವಾದ. ಮಗು ತಾನೇ ಆರಿಸಿದ ಪುಸ್ತಕವನ್ನು ಮನೆಗೆ ಒಯ್ದು, ಓದಿ ತಂದುಕೊಟ್ಟು, ಇನ್ನೊಂದನ್ನು ಒಯ್ಯಬೇಕು. ಚಿತ್ರಕಲೆ, ಹಾಡು, ಚದುರಂಗ, ಪೇಪರ್ ಮಡಚುವ ಆಟ ಎಲ್ಲವೂ ಬರಲಿ. ಆದರೆ ಸರ್ಕಾರದ ಹಣ, ದಾನಿಗಳ ನೆರವು, ಪಂಚಾಯಿತಿಯ ಬೆಂಬಲ ಮೊದಲು ಎರವಲಿಗೆ ಸಲ್ಲಬೇಕು.

ಇಂಥ ಕಾರ್ಯಕ್ರಮದ ಬೇರು ಅಮೆರಿಕದಲ್ಲಿದೆ. ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ಸಾರ್ವಜನಿಕ ಗ್ರಂಥಾಲಯ 1897ರಲ್ಲಿ ಮಕ್ಕಳಿಗಾಗಿ ‘ಲೈಬ್ರರಿ ಲೀಗ್’ ಎಂಬ ಕೂಟ ಕಟ್ಟಿತು. ಅದರ ಹಿಂದಿದ್ದವರು ಅಲ್ಲಿನ ಗ್ರಂಥಪಾಲಕಿ ಲಿಂಡಾ ಈಸ್ಟ್‌ಮನ್. ಕಾರ್ಖಾನೆಗಳ ಊರು, ವಲಸೆ ಬಂದ ಕುಟುಂಬಗಳ ಮಕ್ಕಳು. ಮಕ್ಕಳ ಕೈಗೆ ಕೊಟ್ಟ ಪುಸ್ತಕ ಮಸಿ ಬಳಿದುಕೊಂಡು ಬರುತ್ತಿತ್ತು. ಬಾಗಿಲು ಮುಚ್ಚುವ ಬದಲು ಗ್ರಂಥಾಲಯ ಮಕ್ಕಳಿಂದ ಒಂದು ಮಾತು ತೆಗೆದುಕೊಂಡಿತು: ಪುಸ್ತಕವನ್ನು ಜೋಪಾನ ಮಾಡುತ್ತೇವೆ, ಗೆಳೆಯರಿಗೂ ಹೇಳುತ್ತೇವೆ. ಮಾತು ಕೊಟ್ಟವರು ಸದಸ್ಯರು. ಪುಸ್ತಕ ಕೊಳೆಯಾಗುವ ಭಯದಿಂದ ಹುಟ್ಟಿದ ಯೋಜನೆ ಪುಸ್ತಕ ಕೊಡುವುದನ್ನು ನಿಲ್ಲಿಸದೆ ಹೆಚ್ಚಿಸಿತು ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ಮುಂದಿನ ದಶಕಗಳಲ್ಲಿ ಅಮೆರಿಕದ ಊರೂರಿನ ಗ್ರಂಥಾಲಯಗಳು ಬೇಸಿಗೆಯ ಓದನ್ನು ವಾರ್ಷಿಕ ಪದ್ಧತಿಯಾಗಿಸಿಕೊಂಡವು. ಬ್ರಿಟನ್ನಿನಲ್ಲಿ, ಈಗ ರೀಡಿಂಗ್ ಏಜೆನ್ಸಿ ಎಂಬ ಸಂಸ್ಥೆ ನೋಡಿಕೊಳ್ಳುವ ‘ಸಮ್ಮರ್ ರೀಡಿಂಗ್ ಚಾಲೆಂಜ್’ 1999ರಿಂದ ಗ್ರಂಥಾಲಯಗಳ ಮೂಲಕ ನಡೆಯುತ್ತ ಬಂದಿದೆ. ರಜೆಯಲ್ಲಿ ಆರು ಪುಸ್ತಕ ಓದುವುದು ಅದರ ಮೂಲ ಗುರಿಯಾಗಿತ್ತು.

ಬಹುಕಾಲ ಇದೆಲ್ಲ ನಂಬಿಕೆಯ ಮೇಲೆ ನಡೆದ ಕೆಲಸ. ಅಳತೆಗೆ ಸಿಕ್ಕಿದ್ದು 1978ರಲ್ಲಿ, ಸಮಾಜಶಾಸ್ತ್ರಜ್ಞೆ ಬಾರ್ಬರಾ ಹೇನ್ಸ್ ಅಟ್ಲಾಂಟಾ ನಗರದ ಆರು ಮತ್ತು ಏಳನೆಯ ತರಗತಿಯ ಮಕ್ಕಳ ಅಧ್ಯಯನ ಪ್ರಕಟಿಸಿದಾಗ. ಶಾಲೆ ನಡೆಯುವ ತಿಂಗಳುಗಳಲ್ಲಿ ಬಡ ಮಕ್ಕಳ ಕಲಿಕೆ ಉಳಿದವರ ಕಲಿಕೆಗೆ ಹತ್ತಿರದ ವೇಗದಲ್ಲೇ ಸಾಗುತ್ತದೆ, ಅಂತರ ಬೆಳೆಯುವುದು ರಜೆಯಲ್ಲಿ ಎಂದು ಅವರು ಕಂಡರು. ರಜೆಯಲ್ಲಿ ಮಗು ಓದಿದ ಪುಸ್ತಕಗಳ ಸಂಖ್ಯೆಗೂ ಅದರ ಕಲಿಕೆಗೂ ನಂಟಿತ್ತು. ಗ್ರಂಥಾಲಯದ ಬಳಕೆಗೆ ನಂಟಿದ್ದದ್ದು ಮನೆಯಿಂದ ಅದಕ್ಕಿರುವ ದೂರದ ಜೊತೆ. ನಡೆದು ಹೋಗುವಷ್ಟು ಹತ್ತಿರ ಗ್ರಂಥಾಲಯವಿದ್ದ ಮಕ್ಕಳು ಹೆಚ್ಚು ಓದಿದ್ದರು. ಯಾವ ಹಳ್ಳಿಯ ತಾಯಿಯೂ ಹೇಳಬಲ್ಲ ಮಾತಿದು. ಆದರೆ ಯೋಜನೆ ಬರೆಯುವವರ ಮೇಜಿನ ಮೇಲೆ ತಾಯಿಯ ಮಾತಿಗಿಂತ ಅಂಕಿಗೆ ಬೆಲೆ.

ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕಾರ್ಲ್ ಅಲೆಕ್ಸಾಂಡರ್, ಡೋರಿಸ್ ಎಂಟ್‌ವಿಸಲ್, ಲಿಂಡಾ ಓಲ್ಸನ್ ಇದನ್ನು ಮುಂದಕ್ಕೆ ಒಯ್ದರು. 1982ರಲ್ಲಿ ಒಂದನೆಯ ತರಗತಿಗೆ ಸೇರಿದ ಮಕ್ಕಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದರು. ಒಂಬತ್ತನೆಯ ತರಗತಿಯ ಹೊತ್ತಿಗೆ ಕಾಣುವ ಬಡವ-ಬಲ್ಲಿದರ ಅಂತರದಲ್ಲಿ ಸುಮಾರು ಮೂರನೆಯ ಎರಡು ಭಾಗ ಪ್ರಾಥಮಿಕ ಶಾಲೆಯ ಬೇಸಿಗೆಗಳಲ್ಲಿ ಹುಟ್ಟಿದ್ದು ಎಂದು 2007ರ ಅವರ ಲೇಖನ ವಾದಿಸಿತು. ಅವರು ಇದಕ್ಕೆ ನಲ್ಲಿಯ ರೂಪಕ ಬಳಸಿದ್ದರು. ಶಾಲೆ ನಡೆಯುವಾಗ ನಲ್ಲಿ ಎಲ್ಲರಿಗೂ ತೆರೆದಿರುತ್ತದೆ. ರಜೆಯಲ್ಲಿ ಅದು ನಿಂತಾಗ ಸ್ವಂತ ತೊಟ್ಟಿ ಇದ್ದ ಮನೆಗೆ ಮಾತ್ರ ನೀರು.

ಈ ಅಂಕಿಗಳನ್ನು ವೇದವಾಕ್ಯವೆಂದು ಹಿಡಿಯಬಾರದು. ಪಾಲ್ ವಾನ್ ಹಿಪ್ಪೆಲ್ ಎಂಬ ಸಂಶೋಧಕ 2019ರಲ್ಲಿ ಈ ಲೆಕ್ಕಗಳನ್ನು ಹೊಸ ಪರೀಕ್ಷೆಗಳ ಜೊತೆ ಹೋಲಿಸಿ, ಅಂತರದ ಪ್ರಮಾಣ ಪರೀಕ್ಷೆಯ ಅಂಕ ಕಟ್ಟುವ ವಿಧಾನಕ್ಕೆ ತಕ್ಕಂತೆ ಬದಲಾಗುತ್ತದೆ ಎಂದು ತೋರಿಸಿದರು. ಹಳೆಯ ಅಳತೆಗೋಲಿನಲ್ಲಿ ದೊಡ್ಡದಾಗಿ ಕಂಡದ್ದು ಹೊಸದರಲ್ಲಿ ಕುಗ್ಗಿತು. ಬೇಸಿಗೆಯ ನಷ್ಟ ಇಂತಿಷ್ಟೇ ಎಂದು ಎದೆತಟ್ಟಿ ಹೇಳುವ ಕಾಲ ಹೋಯಿತು. ಆದರೆ ರಜೆಯಲ್ಲಿ ಕಲಿಕೆ ನಿಧಾನವಾಗುತ್ತದೆ ಅಥವಾ ನಿಲ್ಲುತ್ತದೆ ಎಂಬುದು ಆ ತಿದ್ದುಪಡಿಯ ನಂತರವೂ ಉಳಿದಿದೆ. ಪುಸ್ತಕ ಕೊಟ್ಟರೆ ಏನಾಗುತ್ತದೆ ಎಂಬ ಪ್ರಯೋಗಗಳಂತೂ ಬೇರೆಯೇ ಸಾಲಿನವು.

ಅಂಥವುಗಳಲ್ಲಿ ಹೆಸರಾದದ್ದು ರಿಚರ್ಡ್ ಅಲಿಂಗ್ಟನ್, ಆನ್ ಮೆಕ್‌ಗಿಲ್-ಫ್ರಾಂಜೆನ್ ಮತ್ತು ಸಂಗಡಿಗರು ಫ್ಲಾರಿಡಾದ 17 ಬಡ ಶಾಲೆಗಳಲ್ಲಿ ನಡೆಸಿ 2010ರಲ್ಲಿ ಪ್ರಕಟಿಸಿದ ಪ್ರಯೋಗ. ರಜೆಗೆ ಮುನ್ನ ಪುಸ್ತಕ ಮೇಳ ಹಾಕಿದರು. 850ಕ್ಕೂ ಹೆಚ್ಚು ಮಕ್ಕಳು ತಾವೇ ಆರಿಸಿದ 12 ಪುಸ್ತಕಗಳನ್ನು ಉಚಿತವಾಗಿ ಪಡೆದರು. ಹೀಗೆ ಮೂರು ಬೇಸಿಗೆ. ಪಾಠವಿಲ್ಲ, ಶಿಬಿರವಿಲ್ಲ, ಪರೀಕ್ಷೆಯಿಲ್ಲ. ಮೂರು ವರ್ಷದ ಕೊನೆಗೆ ಈ ಮಕ್ಕಳ ಓದು ಪುಸ್ತಕ ಸಿಗದ ಮಕ್ಕಳಿಗಿಂತ ಮುಂದಿತ್ತು. ಆ ಲಾಭ ಬೇಸಿಗೆ ಶಾಲೆ ನಡೆಸಿದರೆ ಸಿಗುವ ಲಾಭಕ್ಕೆ ಸಮ ಎಂದು ಅವರು ಬರೆದರು. ತೀರ ಬಡ ಮಕ್ಕಳಲ್ಲಿ ಪರಿಣಾಮ ಇನ್ನೂ ಹೆಚ್ಚು. ಆ ಮಕ್ಕಳು ಮುಗಿಬಿದ್ದು ಆರಿಸಿಕೊಂಡದ್ದು ಜನಪ್ರಿಯ ಗಾಯಕರು, ಟಿ.ವಿ.ಯ ಪಾತ್ರಗಳ ಕುರಿತ ಪುಸ್ತಕಗಳನ್ನು. ಪ್ರಶಸ್ತಿ ಪಡೆದ ಸಾಹಿತ್ಯಕ್ಕೆ ಅಲ್ಲಿ ಸಾಲು ನಿಂತಿರಲಿಲ್ಲ.

ಇದೇ ಹಾದಿಯಲ್ಲಿ ಸಂಶೋಧಕರಾದ ಥಾಮಸ್ ವೈಟ್ ಮತ್ತು ಜೇಮ್ಸ್ ಕಿಮ್ ಇನ್ನೊಂದು ಎಳೆ ಹಿಡಿದರು. ಬರೀ ಪುಸ್ತಕ ಕಳಿಸಿದರೆ ಫಲ ಕಡಿಮೆ. ಮಗುವಿನ ಮಟ್ಟಕ್ಕೆ ಹೊಂದುವ ಪುಸ್ತಕ ಸಿಕ್ಕಿ, ಅದರ ಬಗ್ಗೆ ಕೇಳುವ, ಗಟ್ಟಿಯಾಗಿ ಓದುವಾಗ ಕಿವಿಗೊಡುವ ದೊಡ್ಡವರೊಬ್ಬರು ಇದ್ದರೆ ಫಲ ಹೆಚ್ಚು. ಇವೆರಡನ್ನೂ ಜೊತೆಗಿಟ್ಟು ನೋಡಿದರೆ ಸಾರ್ವಜನಿಕ ಗ್ರಂಥಾಲಯದ ಚಿತ್ರವೇ ಮೂಡುತ್ತದೆ: ಆರಿಸಲು ಕಪಾಟು, ಮಾತನಾಡಲು ಮನುಷ್ಯ.

ಸಭಿಕರೆ, ಪರದೇಶದ ಪುರಾವೆ ಇಷ್ಟು ಸಾಕು. ದೀರ್ಘ ರಜೆ ಮಕ್ಕಳ ಓದಿಗೆ ಏನು ಮಾಡುತ್ತದೆ ಎಂಬುದಕ್ಕೆ ಭಾರತದಲ್ಲೇ ಕಹಿ ಸಾಕ್ಷಿ ಸಿಕ್ಕಿದೆ. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ಅಧ್ಯಯನಕ್ಕೆ ಒಳಪಡಿಸಿತು. 2021ರಲ್ಲಿ ಬಂದ ವರದಿಯ ಪ್ರಕಾರ ಎರಡರಿಂದ ಆರನೆಯ ತರಗತಿಯ ಮಕ್ಕಳಲ್ಲಿ ಸರಾಸರಿ ಶೇ 92ರಷ್ಟು ಮಂದಿ ಹಿಂದಿನ ವರ್ಷ ಬರುತ್ತಿದ್ದ ಒಂದಾದರೂ ಭಾಷಾ ಕೌಶಲವನ್ನು ಕಳೆದುಕೊಂಡಿದ್ದರು. ಹೊಸದನ್ನು ಕಲಿಯದೆ ಉಳಿದದ್ದು ಬೇರೆ ಮಾತು. ಇವರು ಕಲಿತದ್ದನ್ನೇ ಮರೆತಿದ್ದರು. ಏಳು ವಾರದ ರಜೆಯನ್ನು ಆ ದೀರ್ಘ ವಿರಾಮಕ್ಕೆ ಸರಿಗಟ್ಟಲಾಗದು, ನಿಜ. ಆದರೆ ಓದು ಬಳಸದಿದ್ದರೆ ಜಾರಿಹೋಗುತ್ತದೆ ಎಂಬುದನ್ನು ಅದು ಸಂಶಯಕ್ಕೆಡೆಯಿಲ್ಲದಂತೆ ತೋರಿಸಿತು. ಹಳ್ಳಿಯ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆ ಹೇಳುವಂತೆ ಗ್ರಾಮೀಣ ಭಾರತದಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲ ಮೂರನೆಯ ತರಗತಿಯ ಮಕ್ಕಳು 2018ರಲ್ಲಿ ಶೇ 27.3, 2022ರಲ್ಲಿ ಶೇ 20.5. 2024ರಲ್ಲಿ ಅದು ಶೇ 27.1ಕ್ಕೆ ಏರಿತು. ಏರಿದೆ ಎಂದು ಸಮಾಧಾನಪಡುವ ಮೊದಲು ಉಳಿದ ಶೇ 70ಕ್ಕೂ ಹೆಚ್ಚು ಮಕ್ಕಳನ್ನು ನೆನೆಯಬೇಕು. ಬೇಸಿಗೆಯ ಗ್ರಂಥಾಲಯಕ್ಕೆ ಬರಬೇಕಾದವರಲ್ಲಿ ಬಹುಪಾಲು ಇವರೇ.

ಕರ್ನಾಟಕದಲ್ಲಿ ಇದಕ್ಕೆ ಬೇಕಾದ ಅಡಿಪಾಯ ಇಲ್ಲವೆಂದು ಯಾರೂ ಹೇಳಲಾರರು. ಮದ್ರಾಸು 1948ರಲ್ಲಿ, ಹೈದರಾಬಾದು 1955ರಲ್ಲಿ, ಆಂಧ್ರ 1960ರಲ್ಲಿ ಗ್ರಂಥಾಲಯ ಕಾಯ್ದೆ ತಂದವು. ಅವುಗಳ ಹಿಂದೆಯೇ 1965ರಲ್ಲಿ ಮೈಸೂರು ರಾಜ್ಯ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಮಾಡಿತು. ಆಸ್ತಿ ತೆರಿಗೆಯ ಜೊತೆ, ಈಗ ಶೇ 6ರಷ್ಟಿರುವ, ಗ್ರಂಥಾಲಯ ಕರ ವಸೂಲಿಗೆ ಅದು ದಾರಿ ಮಾಡಿತು. ಮನೆಗೆ ತೆರಿಗೆ ಕಟ್ಟುವ ಪ್ರತಿ ಕುಟುಂಬವೂ ಪುಸ್ತಕಕ್ಕೆಂದು ಪ್ರತ್ಯೇಕ ದುಡ್ಡು ಕೊಡುತ್ತಿದೆ. ರಸೀದಿಯಲ್ಲಿ ಆ ಸಾಲು ಇದ್ದರೂ ಅದರ ಮೇಲೆ ಕಣ್ಣು ಹಾಯಿಸುವವರು ವಿರಳ. ಭಾರತೀಯ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದರು, 1962ರಲ್ಲಿ ದಾಖಲಾತಿ ಸಂಶೋಧನೆಯ ತರಬೇತಿ ಕೇಂದ್ರವನ್ನು ಇಲ್ಲಿ ಕಟ್ಟಿದರು, 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಪುಸ್ತಕ ಇರುವುದೇ ಬಳಕೆಗೆ ಎಂಬುದು 1931ರಲ್ಲಿ ಅವರು ಮುಂದಿಟ್ಟ ಐದು ಸೂತ್ರಗಳಲ್ಲಿ ಮೊದಲನೆಯದು.

ಹಳ್ಳಿಯ ಮಟ್ಟದಲ್ಲಿ ದೊಡ್ಡ ತಿರುವು ಬಂದದ್ದು 2019ರಲ್ಲಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಇವು 5,600ಕ್ಕೂ ಹೆಚ್ಚು. 2020ರ ನವೆಂಬರ್ 14ರಂದು, ಶಾಲೆಗಳು ಮುಚ್ಚಿದ್ದ ಹೊತ್ತಿನಲ್ಲಿ, ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭವಾಯಿತು. ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು, ಲಕ್ಷಗಟ್ಟಲೆ ಮಕ್ಕಳ ಹೆಸರು ನೋಂದಣಿಯಾಯಿತು. ಅನೇಕ ಕಡೆ ಕಟ್ಟಡಗಳು ಬಣ್ಣ ಕಂಡವು, ಗೋಡೆಯ ಮೇಲೆ ಚಿತ್ರ ಮೂಡಿತು, ಕಂಪ್ಯೂಟರ್ ಬಂತು. ‘ಅರಿವು ಕೇಂದ್ರ’ ಎಂಬ ಹೆಸರಿನಲ್ಲಿ ಈಗ ಪರಿಚಿತವಾಗಿರುವ ಇವುಗಳಲ್ಲಿ ಬೇಸಿಗೆ ಶಿಬಿರಗಳೂ ನಡೆಯುತ್ತಿವೆ. ಶಾಲೆ ಮುಚ್ಚಿದಾಗ ಗ್ರಂಥಾಲಯ ತೆರೆಯಬೇಕು ಎಂಬ ಅರಿವು ಆಡಳಿತಕ್ಕೆ ಬಂದದ್ದು ಸಣ್ಣ ಸಾಧನೆಯೇನಲ್ಲ.

ತೊಂದರೆ ಇರುವುದು ಶಿಬಿರ ಎಂಬ ಅಚ್ಚಿನಲ್ಲಿ. ಶಿಬಿರಕ್ಕೆ ಉದ್ಘಾಟನೆ ಇದೆ, ಸಮಾರೋಪ ಇದೆ, ನಡುವೆ ಹತ್ತೋ ಹದಿನೈದೋ ದಿನದ ಚಟುವಟಿಕೆ ಇದೆ, ಕೊನೆಗೆ ಪ್ರಮಾಣಪತ್ರ ಇದೆ. ಫೋಟೊ ತೆಗೆಯಲು, ವರದಿ ಕಳಿಸಲು, ಅತಿಥಿಗಳನ್ನು ಕರೆಯಲು ಅನುಕೂಲ. ಇಷ್ಟೆಲ್ಲ ನಡೆದ ಮೇಲೆ ಮಗು ಬರಿಗೈಯಲ್ಲಿ ಮನೆಗೆ ಹೋದರೆ ಉಳಿದ ಐದು ವಾರಕ್ಕೆ ಏನು? ನಾಟಕಕ್ಕೆ ಶಿಬಿರವೇ ಸರಿಯಾದ ರೂಪ. ಮೈಸೂರಿನ ರಂಗಾಯಣದ ‘ಚಿಣ್ಣರ ಮೇಳ’ ಅದನ್ನು ಚೆನ್ನಾಗಿ ಸಾಧಿಸಿದೆ, ಏಕೆಂದರೆ ನಾಟಕ ಕೂಡಿ ಮಾಡುವ ಕೆಲಸ. ಓದಿನ ಬಹುಭಾಗ ಒಬ್ಬರೇ ಮಾಡುವ ಕೆಲಸ. ಮಧ್ಯಾಹ್ನದ ಬಿಸಿಲಿನಲ್ಲಿ ಜಗಲಿಯ ಮೇಲೆ, ದನ ಮೇಯಲು ಬಿಟ್ಟಲ್ಲಿ, ತಂಗಿಯನ್ನು ತೂಗುತ್ತ ನಡೆಯುವಂಥದ್ದು. ಅಲ್ಲಿಗೆ ಶಿಬಿರ ಬರಲಾರದು, ಪುಸ್ತಕ ಬರಬಲ್ಲದು. ಬ್ಯಾನರಿಗೆ ದುಡ್ಡಿದ್ದು ಪುಸ್ತಕಕ್ಕೆ ಇಲ್ಲದಿದ್ದರೆ, ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದಂತಾಗುತ್ತದೆ.

ಹಾಗಿದ್ದರೆ ಗ್ರಂಥಾಲಯಗಳು ಮಕ್ಕಳಿಗೆ ಪುಸ್ತಕ ಮನೆಗೆ ಕೊಡಲು ಹಿಂಜರಿಯುವುದೇಕೆ? ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಬೇಸಿಗೆ ಓದಿನ ಬಹುತೇಕ ಯೋಜನೆಗಳು ಸೊರಗುವುದು ಈ ಒಂದು ಗಂಟಿನಲ್ಲಿ. ಪುಸ್ತಕ ಕಳೆದರೆ, ಹರಿದರೆ, ಲೆಕ್ಕ ಕೊಡಬೇಕಾದವರು ಗ್ರಂಥಾಲಯದ ಮೇಲ್ವಿಚಾರಕರು. ಅವರ ಸಂಬಳ ದೊಡ್ಡದಲ್ಲ. ವರ್ಷದ ತಪಾಸಣೆಯಲ್ಲಿ ಇಪ್ಪತ್ತು ಪುಸ್ತಕ ಕಡಿಮೆ ಬಿದ್ದರೆ ಅದು ತಮ್ಮ ಜೇಬಿಗೆ ಬರುತ್ತದೆ ಎಂಬ ಅಂಜಿಕೆ ಇರುವಾಗ, ಮಕ್ಕಳ ಪುಸ್ತಕಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು ಅವರ ಪಾಲಿಗೆ ವಿವೇಕದ ಮಾತೇ. ಅವರನ್ನು ದೂರುವುದು ಅನ್ಯಾಯ, ತಿದ್ದಬೇಕಾದದ್ದು ನಿಯಮವನ್ನು.

ನಿಯಮದಲ್ಲಿ ಇದಕ್ಕೆ ಆಸರೆ ಇದೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಗ್ರಂಥಾಲಯಕ್ಕೆ ಒಂದು ಔದಾರ್ಯ ತೋರಿವೆ. ವರ್ಷದಲ್ಲಿ ಎರವಲು ಕೊಟ್ಟ ಅಥವಾ ಬಳಕೆಯಾದ ಪ್ರತಿ 1,000 ಸಂಪುಟಗಳಿಗೆ ಐದು ಕಳೆದುಹೋದರೆ ಅದನ್ನು ಸಹಜ ನಷ್ಟವೆಂದು ಭಾವಿಸಬಹುದು. ಅಪ್ರಾಮಾಣಿಕತೆ, ನಿರ್ಲಕ್ಷ್ಯ ಇರಬಾರದು ಅಷ್ಟೆ. ತನಿಖೆ ಆಗಲೇಬೇಕಾದದ್ದು 1,000 ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಅಥವಾ ಅಪರೂಪದ ಗ್ರಂಥ ಕಳೆದಾಗ. ಮಕ್ಕಳ ಪುಸ್ತಕ ಆ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ. ನಷ್ಟದ ಲೆಕ್ಕವನ್ನು ಕಪಾಟಿನಲ್ಲಿರುವ ಸಂಖ್ಯೆಗೆ ಕಟ್ಟದೆ ಬಳಕೆಗೆ ಕಟ್ಟಿರುವುದು ಈ ನಿಯಮದ ಸೊಗಸು: ಹೆಚ್ಚು ಎರವಲು ಕೊಟ್ಟವರಿಗೆ ಹೆಚ್ಚು ರಿಯಾಯಿತಿ. ಇದು ಕೇಂದ್ರದ ಸಂಸ್ಥೆಗಳಿಗೆ ಬರೆದ ನಿಯಮ. ಇದೇ ತತ್ವವನ್ನು ಪಂಚಾಯಿತಿ ಗ್ರಂಥಾಲಯಗಳಿಗೆ ಸ್ಪಷ್ಟ ಆದೇಶವಾಗಿ ಇಳಿಸಿ, ಮಕ್ಕಳ ಪುಸ್ತಕದ ಮಟ್ಟಿಗೆ ಐದರ ಬದಲು ಇಪ್ಪತ್ತು ಎಂದರೂ ಸರ್ಕಾರ ಮುಳುಗುವುದಿಲ್ಲ.

ದಂಡದ ಕಥೆಯೂ ಇದೇ. ಶಿಕಾಗೊ ಸಾರ್ವಜನಿಕ ಗ್ರಂಥಾಲಯ 2019ರಲ್ಲಿ ತಡವಾದ ಪುಸ್ತಕಕ್ಕೆ ದಂಡ ಹಾಕುವುದನ್ನು ನಿಲ್ಲಿಸಿದ ಮೇಲೆ ಬಹುಕಾಲದಿಂದ ಬಾರದಿದ್ದ ಪುಸ್ತಕಗಳು ದಂಡಿಯಾಗಿ ವಾಪಸು ಬಂದವು. ದಂಡಕ್ಕೆ ಹೆದರಿ ಬಾಗಿಲಿಗೆ ಬಾರದಿದ್ದವರು ಮರಳಿದರು. ನ್ಯೂಯಾರ್ಕ್ 2021ರಲ್ಲಿ ಅದೇ ದಾರಿ ಹಿಡಿಯಿತು.

ಇನ್ನು ಹಣದ ಲೆಕ್ಕ. ಒಂದು ಪಂಚಾಯಿತಿಯಲ್ಲಿ 100 ಮಕ್ಕಳು ರಜೆಯಲ್ಲಿ ತಲಾ ಎಂಟು ಪುಸ್ತಕ ಓದಬೇಕು ಎಂದಿಟ್ಟುಕೊಳ್ಳಿ. ಅದು 800 ಎರವಲು. ಏಳು ವಾರದಲ್ಲಿ ಒಂದು ಪುಸ್ತಕ ನಾಲ್ಕು ಕೈ ಬದಲಾಯಿಸಿದರೂ 200 ಪುಸ್ತಕ ಸಾಕು. ತೆಳುವಾದ ಮಕ್ಕಳ ಪುಸ್ತಕಕ್ಕೆ ಸರಾಸರಿ 60 ರೂಪಾಯಿ ಹಿಡಿದರೆ ಒಟ್ಟು 12,000 ರೂಪಾಯಿ. ಅಂದಾಜಿನ ಲೆಕ್ಕವೇ ಆದರೂ ಒಂದು ಪೆಂಡಾಲು, ಧ್ವನಿವರ್ಧಕ, ಹಾರತುರಾಯಿ, ಊಟದ ಖರ್ಚಿನ ಪಕ್ಕದಲ್ಲಿಟ್ಟು ನೋಡಬಹುದು. ಆ ಪುಸ್ತಕಗಳು ಮರುವರ್ಷಕ್ಕೂ ಉಳಿಯುತ್ತವೆ. ಪಕ್ಕದ ಪಂಚಾಯಿತಿಯ ಜೊತೆ ಪೆಟ್ಟಿಗೆ ಬದಲಾಯಿಸಿಕೊಂಡರೆ ಎರಡೂ ಊರಿಗೆ 400 ಪುಸ್ತಕದ ಆಯ್ಕೆ ಸಿಗುತ್ತದೆ. ಪೆಟ್ಟಿಗೆಯಲ್ಲಿ ಪುಸ್ತಕ ತುಂಬಿ ಊರಿಂದೂರಿಗೆ ಕಳಿಸುವ ಪದ್ಧತಿ ಹೊಸದಲ್ಲ. ಮಹಾರಾಜ ಸಯಾಜಿರಾವ್ ಗಾಯಕವಾಡರು ಅಮೆರಿಕದಿಂದ ವಿಲಿಯಂ ಬೋರ್ಡನ್ ಎಂಬ ಗ್ರಂಥಪಾಲಕರನ್ನು ಕರೆಸಿ ಬರೋಡಾದಲ್ಲಿ ಕಟ್ಟಿದ ವ್ಯವಸ್ಥೆಯಲ್ಲಿ ನೂರು ವರ್ಷದ ಹಿಂದೆಯೇ ಸಂಚಾರಿ ಪೆಟ್ಟಿಗೆಗಳು ಹಳ್ಳಿಗೆ ಹೋಗುತ್ತಿದ್ದವು.

ಅದಕ್ಕಿಂತ ಹತ್ತಿರದ ಒಂದು ಮೂಲವೂ ಇದೆ. ಪ್ರತಿ ಸರ್ಕಾರಿ ಶಾಲೆಯಲ್ಲೂ ಗ್ರಂಥಾಲಯ ಅನುದಾನದಲ್ಲಿ ಬಂದ ಪುಸ್ತಕಗಳಿವೆ. ಮಕ್ಕಳಿಗೆ ಬಿಡುವೇ ಇಲ್ಲದ ಹತ್ತು ತಿಂಗಳು ಅವು ಶಾಲೆಯಲ್ಲಿ; ಬಿಡುವೇ ಬಿಡುವಾದ ಎರಡು ತಿಂಗಳು ಬೀಗದೊಳಗೆ. ಏಪ್ರಿಲ್ ಎರಡನೆಯ ವಾರ ಮುಖ್ಯ ಶಿಕ್ಷಕರು ಪಟ್ಟಿ ಮಾಡಿ ಪಂಚಾಯಿತಿ ಗ್ರಂಥಾಲಯಕ್ಕೆ ಒಪ್ಪಿಸಿ, ಜೂನ್ ಮೊದಲ ವಾರ ವಾಪಸು ಪಡೆದರೆ ಯಾರಿಗೂ ಬಿಡಿಗಾಸು ಖರ್ಚಿಲ್ಲ. ಎರಡು ಇಲಾಖೆಗಳ ನಡುವೆ ಒಂದು ಕಾಗದ ಓಡಾಡಬೇಕು, ಅಷ್ಟೆ. ಆ ಕಾಗದ ಓಡಾಡುವುದೇ ಕಷ್ಟ ಎಂಬುದು ಈ ಸಭೆಯಲ್ಲಿರುವ ಅನುಭವಿಗಳಿಗೆ ಗೊತ್ತು.

ನಗರಗಳಲ್ಲಿ ಪ್ರಶ್ನೆ ಬೇರೆ ಬಗೆಯದು. ಅಲ್ಲಿ ಗ್ರಂಥಾಲಯ ಕರ ದೊಡ್ಡ ಮೊತ್ತದಲ್ಲಿ ಸಂಗ್ರಹವಾಗುತ್ತದೆ. ಸಂಗ್ರಹಿಸಿದ ಸ್ಥಳೀಯ ಸಂಸ್ಥೆಗಳಿಂದ ಅದು ಗ್ರಂಥಾಲಯಗಳಿಗೆ ಸಕಾಲಕ್ಕೆ, ಪೂರ್ತಿಯಾಗಿ ತಲುಪುವುದಿಲ್ಲ ಎಂಬುದು ಪತ್ರಿಕೆಗಳಲ್ಲಿ ಹಲವು ವರ್ಷಗಳಿಂದ ಬರುತ್ತಿರುವ ಸುದ್ದಿ. ಕಬ್ಬನ್ ಉದ್ಯಾನದ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯದಂಥ ಹಿತವಾದ ಜಾಗ ರಾಜಧಾನಿಯಲ್ಲಿದೆ. ಆದರೆ ಹೊರವಲಯದ ಶೆಡ್ಡುಗಳಲ್ಲಿರುವ ಕಟ್ಟಡ ಕೆಲಸದವರ ಮಕ್ಕಳಿಗೆ ಅದು ಮೂರು ಬಸ್ಸಿನ ದೂರ. ಹೇನ್ಸ್ ಅಟ್ಲಾಂಟಾದಲ್ಲಿ ಕಂಡ ದೂರದ ಲೆಕ್ಕ ಇಲ್ಲಿಯೂ ಅದೇ.

ಸಭಿಕರೆ, ಅಮೆರಿಕದ ಮಾದರಿಯನ್ನು ಹಾಗೆಯೇ ತಂದರೆ ಕರ್ನಾಟಕದ ಬೇಸಿಗೆಗೆ ಹೊಂದದ ಎರಡು ಸಂಗತಿಗಳಿವೆ. ಮೊದಲನೆಯದು ಬಿಸಿಲು. ಕಲಬುರಗಿ, ರಾಯಚೂರು, ಯಾದಗಿರಿಗಳಲ್ಲಿ ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಸರ್ಕಾರವೇ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಆ ಎರಡು ತಿಂಗಳು ಕಚೇರಿ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಎಂದು ಬದಲಿಸುವ ರೂಢಿಯಿದೆ. ಗುಮಾಸ್ತರಿಗೆ ಸಿಗುವ ಈ ಅನುಕೂಲ ಮಕ್ಕಳ ಗ್ರಂಥಾಲಯಕ್ಕೂ ಸಿಗಬೇಕು: ಬೆಳಿಗ್ಗೆ ಏಳೂವರೆಯಿಂದ ಹತ್ತೂವರೆ, ಮತ್ತೆ ಸಂಜೆ ಐದರಿಂದ ಏಳೂವರೆ. ನಡುಮಧ್ಯಾಹ್ನ ತೆರೆದಿಟ್ಟು ಮಕ್ಕಳು ಬರುತ್ತಿಲ್ಲ ಎಂದು ವರದಿ ಬರೆಯುವುದರಲ್ಲಿ ಅರ್ಥವಿಲ್ಲ.

ಎರಡನೆಯದು ಅಜ್ಜಿಮನೆ. ರಜೆ ಬಂತೆಂದರೆ ಇಲ್ಲಿನ ಮಕ್ಕಳು ಊರಲ್ಲಿ ಇರುವುದಿಲ್ಲ. ಅಜ್ಜಿಯ ಊರು, ಸೋದರಮಾವನ ಮನೆ, ಚಿಕ್ಕಮ್ಮನ ಊರಿನ ಜಾತ್ರೆ. ಇನ್ನು ಕೆಲವರು ಅಪ್ಪ ಅಮ್ಮ ದುಡಿಯುವ ಬೆಂಗಳೂರಿಗೋ ಗೋವಾಕ್ಕೋ ಹೋಗುತ್ತಾರೆ. ತನ್ನ ಪಂಚಾಯಿತಿಯಲ್ಲಿ ಸದಸ್ಯತ್ವವಿರುವ ಮಗು, ಓದಲು ಅತಿ ಹೆಚ್ಚು ಬಿಡುವಿರುವ ಹೊತ್ತಿಗೆ ಸದಸ್ಯತ್ವವಿಲ್ಲದ ಊರಿನಲ್ಲಿರುತ್ತದೆ. ಆಧಾರ್ ವಿಳಾಸ ಬೇರೆ, ಶಾಲೆಯ ದಾಖಲೆ ಬೇರೆ ಎಂದು ವಾಪಸು ಕಳಿಸಿದರೆ ಕತೆ ಮುಗಿಯಿತು. ಮಕ್ಕಳ ಸದಸ್ಯತ್ವ ರಾಜ್ಯದ ಯಾವ ಪಂಚಾಯಿತಿ ಗ್ರಂಥಾಲಯದಲ್ಲೂ, ನಗರದ ಯಾವ ಶಾಖೆಯಲ್ಲೂ ನಡೆಯಬೇಕು; ಅಜ್ಜಿಯ ಹೆಬ್ಬೆಟ್ಟೇ ಜಾಮೀನಾಗಬೇಕು. ಒಂದೆರಡು ಪುಸ್ತಕ ಊರು ಬದಲಾಯಿಸಿಕೊಂಡು ಹೋದರೆ ಅದನ್ನು ನಷ್ಟದ ಕಾಲಮಿನಲ್ಲಿ ಬರೆಯಬೇಕಾಗಿಲ್ಲ, ಇನ್ನೊಂದು ಅರಿವು ಕೇಂದ್ರದ ಕಪಾಟಿನಲ್ಲಿ ಅದು ಇರುತ್ತದೆ.

ಯಾವ ಪುಸ್ತಕ ಎಂಬ ಪ್ರಶ್ನೆಗೆ ಹಿರಿಯರಲ್ಲಿ ಸಿದ್ಧ ಉತ್ತರ ಇರುತ್ತದೆ: ನೀತಿ ಹೇಳುವುದು, ಮಹಾಪುರುಷರ ಜೀವನ, ಸ್ಪರ್ಧಾತ್ಮಕ ಪರೀಕ್ಷೆಗೆ ನೆರವಾಗುವುದು. ಹತ್ತು ವರ್ಷದ ಮಗುವಿಗೆ ಕೆ.ಎ.ಎಸ್. ಪರೀಕ್ಷೆಯ ಕೈಪಿಡಿ ಕೊಡುವ ಉತ್ಸಾಹಕ್ಕೆ ಏನೆನ್ನಬೇಕೊ. ಹೀಗೆ ಹೇಳುವವರಲ್ಲಿ ಬಹಳ ಮಂದಿ ಸ್ವತಃ ಓದಿನ ರುಚಿ ಹತ್ತಿಸಿಕೊಂಡದ್ದು 1949ರಲ್ಲಿ ಕನ್ನಡಕ್ಕೆ ಬಂದ ‘ಚಂದಮಾಮ’ದ ಬೇತಾಳನಿಂದ. ಬೇತಾಳ ಅಂದು ಯಾರ ಚಾರಿತ್ರ್ಯವನ್ನೂ ಕೆಡಿಸಲಿಲ್ಲ. ಸತ್ಯದ ಸಂಗತಿಗಳ ಪುಸ್ತಕ ಮಕ್ಕಳಿಗೆ ಒಗ್ಗದು ಎಂಬುದೂ ತಪ್ಪು. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ ತಂದದ್ದು ಮಕ್ಕಳ ಕುತೂಹಲದ ಹರವನ್ನು ನಂಬಿಯೇ. ಕಪಾಟಿನಲ್ಲಿ ಎಲ್ಲವೂ ಇರಲಿ, ಕೈ ಮಗುವಿನದಾಗಿರಲಿ.

ಓದಲು ತಡಕಾಡುವ ಮಕ್ಕಳಿಗೆ ಆಯ್ಕೆ ಇನ್ನೂ ಎಚ್ಚರದಿಂದ ಆಗಬೇಕು. ಐದನೆಯ ತರಗತಿಯ ಹುಡುಗನಿಗೆ ಎರಡು ಸಾಲಿನ ಪುಟದ ಪುಸ್ತಕ ಬೇಕಾಗಬಹುದು, ಆದರೆ ಅದರ ಕಥೆ ಪಾಪುವಿನದಾಗಿರಬಾರದು. ಬೆಂಗಳೂರಿನಲ್ಲಿ 2004ರಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ ಮಕ್ಕಳ ಪುಸ್ತಕಗಳನ್ನು ಓದಿನ ನಾಲ್ಕು ಮಟ್ಟಗಳಲ್ಲಿ ವಿಂಗಡಿಸುತ್ತ ಬಂದಿದೆ. 2015ರಲ್ಲಿ ಅದು ತೆರೆದ ‘ಸ್ಟೋರಿವೀವರ್’ ತಾಣದ ಕಥೆಗಳನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಂಡು ಮುದ್ರಿಸಬಹುದು. ಕನ್ನಡದ ಜೊತೆಗೆ ಉರ್ದು, ತೆಲುಗು, ಮರಾಠಿ, ಕೊಂಕಣಿಯಲ್ಲೂ ಅಲ್ಲಿ ಕಥೆಗಳಿವೆ. ಬೀದರಿನ ಉರ್ದು ಮನೆಮಾತಿನ ಹುಡುಗಿಗೆ, ಬಳ್ಳಾರಿಯ ತೆಲುಗು ಮಗುವಿಗೆ ಇದರಿಂದ ಅನುಕೂಲ. ಒಂದೇ ಕಥೆ ಎರಡು ಭಾಷೆಯಲ್ಲಿ ಸಿಕ್ಕರೆ ತಾಯಿ ಒಂದನ್ನು ಓದುತ್ತಾಳೆ, ಮಗು ಇನ್ನೊಂದನ್ನು.

ವೈಟ್ ಮತ್ತು ಕಿಮ್ ಹೇಳಿದ ಆ ದೊಡ್ಡವರೊಬ್ಬರು ಗ್ರಂಥಾಲಯದ ಮೇಲ್ವಿಚಾರಕರೇ. ಅವರಿಗೆ ಮಕ್ಕಳ ಪುಸ್ತಕಗಳ ಪರಿಚಯ ಮಾಡಿಕೊಡುವ ಎರಡು ದಿನದ ತರಬೇತಿ ಮಾರ್ಚಿನಲ್ಲಿ ನಡೆದರೆ ಸಾಕು. ದಿನಕ್ಕೊಮ್ಮೆ ಅರ್ಧ ಗಂಟೆ ಗಟ್ಟಿಯಾಗಿ ಓದುವುದು, ಪುಸ್ತಕ ತಂದ ಮಗುವಿನ ಜೊತೆ ಎರಡು ಮಾತು. ಪ್ರಶ್ನೋತ್ತರ ಬೇಡ, ಸಾರಾಂಶ ಬರೆಸುವುದು ಬೇಡ. ಹಳ್ಳಿಯಲ್ಲಿ ರಜೆಗೆ ಬಂದಿರುವ ಪಿ.ಯು. ಹುಡುಗ ಹುಡುಗಿಯರು ಚಿಕ್ಕವರಿಗೆ ಓದಿ ಹೇಳಬಲ್ಲರು. ಈ ಕೆಲಸಕ್ಕೆ ಅವರಿಗೊಂದು ಸಣ್ಣ ಭತ್ಯೆ ಕೊಡುವುದು ದಾನಿಗಳಿಗೆ ಹೇಳಿಮಾಡಿಸಿದ ಬಾಬ್ತು. ಅತಿ ಹೆಚ್ಚು ಪುಸ್ತಕ ಓದಿದ ಮಗುವಿಗೆ ಬಹುಮಾನ ಎಂಬ ಪದ್ಧತಿಯನ್ನಂತೂ ಕೈಬಿಡಬೇಕು. ಅದನ್ನು ಯಾವಾಗಲೂ ಗೆಲ್ಲುವುದು ಮೊದಲೇ ಚೆನ್ನಾಗಿ ಓದುವ ಮಗು.

ಶಾಲೆಯ ರಜೆಯಲ್ಲೂ ಸರ್ಕಾರದ ಹೊಣೆ ಮುಂದುವರಿಯಬೇಕು ಎಂಬುದಕ್ಕೆ ಈ ದೇಶದಲ್ಲಿ ಪೂರ್ವನಿದರ್ಶನ ಇದೆ. 2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಮಧ್ಯಾಹ್ನದ ಬಿಸಿಯೂಟ ಕೊಡಬೇಕೆಂದು ಆದೇಶಿಸಿತು. ಬರದ ವರ್ಷಗಳಲ್ಲಿ ಕರ್ನಾಟಕ ಅದನ್ನು ನಡೆಸಿದೆ. ಹಸಿವಿಗೆ ರಜೆಯಿಲ್ಲ ಎಂದು ಒಪ್ಪಿದ ಆಡಳಿತ ಓದಿನ ವಿಷಯದಲ್ಲೂ ಒಂದು ಕಾಯಂ ಆದೇಶ ಹೊರಡಿಸಬಹುದು. ಈಗಿನಂತೆ ವರ್ಷವರ್ಷವೂ ಸುತ್ತೋಲೆಗೆ ಕಾಯಬೇಕಾಗಿಲ್ಲ.

ಆ ಆದೇಶದಲ್ಲಿ ಏನನ್ನು ಎಣಿಸಬೇಕು ಎಂಬುದೂ ಇರಲಿ. ಎಷ್ಟು ಶಿಬಿರ, ಎಷ್ಟು ಹಾಜರಾತಿ ಎಂಬ ಕಾಲಮುಗಳ ಮುಂದೆ ಇನ್ನು ಮೂರು ಬರಲಿ: ರಜೆಯಲ್ಲಿ ಮನೆಗೆ ಹೋದ ಮಕ್ಕಳ ಪುಸ್ತಕ ಎಷ್ಟು, ಒಂದಕ್ಕಿಂತ ಹೆಚ್ಚು ಬಾರಿ ಬಂದ ಮಕ್ಕಳು ಎಷ್ಟು, ಮೊದಲ ಬಾರಿಗೆ ಬಂದವರು ಎಷ್ಟು. ಮೇಲಿನವರು ಕೇಳುವ ಅಂಕಿಯನ್ನೇ ಕೆಳಗಿನವರು ದುಡಿದು ಕೂಡಿಸುತ್ತಾರೆ.

ಕೊನೆಯದಾಗಿ ಖರೀದಿಯ ದರ ಮತ್ತು ಪಂಚಾಂಗ. ಪುಟದ ಲೆಕ್ಕದಲ್ಲಿ ದರ ಕಟ್ಟುವ ಪದ್ಧತಿ ಇರುವ ಕಡೆ 16 ಪುಟದ ಬಣ್ಣದ ಚಿತ್ರಪುಸ್ತಕ 200 ಪುಟದ ಕಪ್ಪುಬಿಳುಪು ಪುಸ್ತಕದ ಮುಂದೆ ಸೋಲುತ್ತದೆ, ಪ್ರಕಾಶಕರಿಗೆ ಅದನ್ನು ತರುವ ಹುಮ್ಮಸ್ಸು ಉಳಿಯುವುದಿಲ್ಲ. ಆದ್ದರಿಂದ ಮಕ್ಕಳ ಪುಸ್ತಕಕ್ಕೆ ಪ್ರತ್ಯೇಕ ದರಪಟ್ಟಿ, ಪ್ರತ್ಯೇಕ ಆಯ್ಕೆ ಸಮಿತಿ ಬೇಕು. ಸಮಿತಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯರೂ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕರೂ ಇರಬೇಕು. ಸರ್ಕಾರಿ ಹಣ ಮಾರ್ಚ್ ಕೊನೆಯ ವಾರ ಅವಸರದಲ್ಲಿ ಖರ್ಚಾಗುವ ರೂಢಿ ಎಲ್ಲರಿಗೂ ತಿಳಿದದ್ದೇ. ಹಾಗೆ ಕೊಂಡ ಪುಸ್ತಕ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ಅಲ್ಲಿಂದ ಊರಿಗೆ ಬಂದು, ಮೊಹರು ಬಿದ್ದು, ದಾಖಲಾತಿ ಪುಸ್ತಕಕ್ಕೆ ಏರಿ ಕಪಾಟು ಸೇರುವ ಹೊತ್ತಿಗೆ ಶಾಲೆ ಶುರುವಾಗಿರುತ್ತದೆ. ಆಯ್ಕೆ ನವೆಂಬರಿನೊಳಗೆ, ಹಣ ಡಿಸೆಂಬರಿನೊಳಗೆ, ಪುಸ್ತಕ ಫೆಬ್ರುವರಿ ಕೊನೆಯೊಳಗೆ ಎಂಬ ಮೂರು ಗಡುವುಗಳನ್ನು ಆದೇಶದ ಮೊದಲ ಪುಟದಲ್ಲೇ ಬರೆಯಬೇಕು.